ಕಾಮಾಲೆಯ ಪಥ್ಯ

ನನ್ನ ಮಗಳ ಬಗ್ಗೆ ಬರೆಯುವ ಹಕ್ಕು ನನಗಿದೆಯೋ ಇಲ್ಲವೋ ಎಂಬ ಅನುಮಾನದಿಂದ ಅವಳನ್ನೇ ಕೇಳಿದೆ. "ಬರೀರಿ ಅಪ್ಪಾಜಿ, ಆದ್ರೆ ನಿಮ್ಮನ್ನ ಒಳ್ಳೇರು ಮಾಡ್ಕೊಂಡು ಬರೀಬೇಡಿ" ಅಂದಳು. ಆ ಷರತ್ತಿಗೆ ಒಪ್ಪಿ ಕೂತಿದ್ದೇನೆ.

ಅವಳ ಹೆಸರು ಸಂಗೀತಾ. ಈಗ ತರೀಕೆರೆಯ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾಳೆ. ನಾನು ಓಂಕಾರೇಶ, ಅಜ್ಜಂಪುರದಲ್ಲಿ ಬೀರೂರು ರಸ್ತೆಯ ಬೀಜ ಗೊಬ್ಬರದ ಅಂಗಡಿಯವನು. ಅಂಗಡಿ ನಮ್ಮಪ್ಪನ ಕಾಲದ್ದು. ಈರುಳ್ಳಿ ಬಿತ್ತುವವರು ಮೊದಲು ನನ್ನ ಹತ್ತಿರ ಬಂದು, "ಈ ಸಲ ಯಾವ್ದು ಹಾಕಾನ?" ಎಂದು ಕೇಳಿಯೇ ಬೀಜ ಕಟ್ಟಿಸಿಕೊಳ್ಳುತ್ತಿದ್ದರು. ಓಂಕಾರೇಶ ಕೊಟ್ಟ ಬೀಜ ಹುಟ್ಟೇ ಹುಟ್ಟುತ್ತೆ ಎಂಬ ಮಾತಿತ್ತು. ಆ ಮಾತಿನ ಮೇಲೆ ಮೂವತ್ತು ವರ್ಷ ಮೀಸೆ ತಿರುವಿದವನು ನಾನು. ಸಿಟ್ಟಂತೂ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಇದೆ.

ಸಂಗೀತಾ ನಮಗೆ ಒಬ್ಬಳೇ ಮಗಳು. ಚಿಕ್ಕಂದಿನಿಂದ ಬಾಯಿಬಡುಕಿ. ಶಾಲೆ ಬಿಟ್ಟವಳು ನೇರ ಅಂಗಡಿಗೆ ಬಂದು ಗೊಬ್ಬರದ ಚೀಲಗಳ ಮೇಲೆ ಕೂರುತ್ತಿದ್ದಳು. ಎಕರೆಗೆ ಎಷ್ಟು ಬೀಜ, ಸಾಲಿನಿಂದ ಸಾಲಿಗೆ ಎಷ್ಟು ಅಂತರ ಎಂದು ರೈತರು ಕೇಳಿದರೆ ನಾನು ಬಾಯಿ ತೆಗೆಯುವುದರೊಳಗೆ ಅವಳೇ ಹೇಳಿ ಮುಗಿಸುತ್ತಿದ್ದಳು. ಮಠದಲ್ಲಿ ಸ್ವಾಮಿಗಳು ಪ್ರವಚನ ಮುಗಿಸಿ, "ಯಾರಿಗಾದರೂ ಸಂದೇಹ ಇದ್ದರೆ ಕೇಳಿ" ಅಂದರೆ ಇಡೀ ಸಭೆಯಲ್ಲಿ ಏಳುತ್ತಿದ್ದ ಕೈ ಇವಳದೊಂದೇ. ನಾನು ತಲೆ ತಗ್ಗಿಸಿದಂತೆ ನಟಿಸುತ್ತಿದ್ದೆ. ಒಳಗೊಳಗೇ ಹಿಗ್ಗುತ್ತಿದ್ದೆ. ಅಂಥವಳು ಎಂ.ಎಸ್ಸಿ. ಗಣಿತ ಓದಲು ಶಿವಮೊಗ್ಗದ ಕಡೆಯ ಯೂನಿವರ್ಸಿಟಿಗೆ ಸೇರಿದಳು.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಹಾಸ್ಟೆಲ್ ಖಾಲಿ ಮಾಡಿಸಿದರು. ಹದಿನೈದು ದಿನಕ್ಕೆ ಎಂದುಕೊಂಡು ಒಂದೇ ಬ್ಯಾಗು ಹಿಡಿದು ಬಂದಳು. ಪುಸ್ತಕಗಳೆಲ್ಲ ಅಲ್ಲೇ ಉಳಿದವು. ಆನ್‌ಲೈನ್ ಕ್ಲಾಸ್ ಶುರುವಾಯಿತು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಟಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಏಪ್ರಿಲ್ ಬಿಸಿಲಲ್ಲಿ ಛತ್ರಿ ಹಿಡಿದು ಕೂತು, "ಸರ್, ಕೇಳಿಸ್ತಿದೆಯಾ ಸರ್?" ಎಂದು ಕೂಗುತ್ತಿದ್ದಳು. ಮೇ ಕಳೆಯುವ ಹೊತ್ತಿಗೆ ಆ ಕೂಗು ನಿಂತಿತು. ಮೇಲೆ ಹತ್ತುವುದನ್ನೇ ಬಿಟ್ಟಳು. ನಡುಮನೆಯ ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವಳು ಊಟಕ್ಕೆ ಕರೆದರೆ ಏಳಳು, ತಲೆ ಬಾಚಳು, ನಾಲ್ಕು ದಿನಕ್ಕೊಮ್ಮೆ ನೀರು ಹಾಕಿಕೊಂಡರೆ ಹೆಚ್ಚು. ಗೆಳತಿಯರ ಫೋನು ಬಂದರೆ ಅದು ಹೊಡೆದುಕೊಂಡು ನಿಲ್ಲುವವರೆಗೂ ನೋಡುತ್ತಿದ್ದಳು.

ನನಗೆ ಅದು ಸೋಮಾರಿತನವಾಗಿ ಕಂಡಿತು. ಲಾಕ್‌ಡೌನಿನಲ್ಲೂ ಗೊಬ್ಬರದ ಅಂಗಡಿಗೆ ರಜೆಯಿರಲಿಲ್ಲ. ಬೆಳಗಿನಿಂದ ಜನರ ಜೊತೆ ಒದ್ದಾಡಿ ಬಂದವನಿಗೆ ಮಧ್ಯಾಹ್ನ ಎರಡಕ್ಕೂ ಮಲಗಿದ್ದ ಮಗಳು ಕಂಡರೆ ಮೈ ಉರಿಯುತ್ತಿತ್ತು. ಒಂದು ದಿನ ಹೊದಿಕೆ ಕಿತ್ತೆಸೆದೆ. "ಕೂಳಿಗೆ ಕೇಡು, ಭೂಮಿಗೆ ಭಾರ" ಅಂದೆ.

ಹಿಂದಿನ ಸಂಗೀತಾ ಆಗಿದ್ದರೆ ಒಂದಕ್ಕೆ ಹತ್ತು ಆಡುತ್ತಿದ್ದಳು. ಈ ಸಂಗೀತಾ ನನ್ನತ್ತ ತಿರುಗಿ, "ಹೌದು ಅಪ್ಪಾಜಿ" ಅಂದಳು. ಸಿಟ್ಟಿನಿಂದಲ್ಲ, ಲೆಕ್ಕದ ಉತ್ತರವನ್ನು ಒಪ್ಪಿಕೊಂಡಂತೆ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಅದನ್ನು ಕೇಳಿ ಹೆದರಿದಳು. ನಾನು ಹೆದರಲಿಲ್ಲ. ಗೆದ್ದೆ ಎಂದುಕೊಂಡೆ.

ಹೆಂಡತಿ ಬಿಡಲಿಲ್ಲ. ಜುಲೈನಲ್ಲಿ ನಮ್ಮ ವ್ಯಾನಿನಲ್ಲೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಮಾನಸಿಕ ರೋಗಗಳ ಡಾಕ್ಟರಿಗೆ ತೋರಿಸಿದೆವು. ಅವರು ಮಗಳ ಜೊತೆ ಮುಕ್ಕಾಲು ಗಂಟೆ ಮಾತಾಡಿ ಆಮೇಲೆ ನಮ್ಮನ್ನು ಒಳಗೆ ಕರೆದರು. "ಇದು ಖಿನ್ನತೆ. ಸೋಮಾರಿತನ ಅಲ್ಲ. ಈ ನಾಲ್ಕು ತಿಂಗಳಲ್ಲಿ ಇಂಥ ಎಷ್ಟೋ ಮಕ್ಕಳನ್ನ ನೋಡಿದೀನಿ. ಮಾತ್ರೆ ಕೊಡ್ತೀನಿ. ನನ್ನನ್ನ ಕೇಳದೆ ಒಂದು ದಿನಾನೂ ನಿಲ್ಲಿಸಬಾರದು" ಅಂದರು. ಮಗಳು ಎಷ್ಟು ದಿನದಲ್ಲಿ ಗುಣವಾಗುತ್ತಾಳೆ ಎಂದು ನಾನು ಕೇಳಲಿಲ್ಲ. ನಾನು ಕೇಳಿದ ಮೊದಲ ಪ್ರಶ್ನೆ, "ಇದು ಹೊರಗೆ ಯಾರಿಗೂ ಗೊತ್ತಾಗಲ್ಲ ತಾನೇ ಡಾಕ್ಟ್ರೇ?" ಪಕ್ಕದಲ್ಲೇ ಮಗಳು ಕೂತಿದ್ದಳು. ಅದನ್ನು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ.

ವ್ಯಾನು ಮನೆ ಮುಂದೆ ನಿಂತಾಗ ಆಶಾ ಕಾರ್ಯಕರ್ತೆ ಪಾಪಮ್ಮ ನೋಟ್‌ಬುಕ್ ಹಿಡಿದು ಗೇಟಿನಲ್ಲೇ ಕಾಯುತ್ತಿದ್ದಳು. ಊರಲ್ಲಿ ಯಾರು ಕೆಮ್ಮಿದರೂ ಅವಳು ಹೋಗಿ ಬರೆದುಕೊಳ್ಳಬೇಕಿದ್ದ ಕಾಲ.

"ಸಂಗೀತಮ್ಮಂಗೆ ಹುಷಾರಿಲ್ವಂತೆ, ಆಸ್ಪತ್ರೆಗೆ ಹೋಗಿದ್ರಂತೆ. ಜ್ವರ ಏನಾದ್ರೂ ಐತಾ ಅಣ್ಣ?"

ಎದುರು ಮನೆಯ ಜಗಲಿಯಲ್ಲಿ ನಾಲ್ಕು ಜನ ಕೂತು ನೋಡುತ್ತಿದ್ದರು. ಕಾಯಿಲೆಯೇ ಇಲ್ಲ ಎಂದರೆ ಕೊರೋನಾ ಮುಚ್ಚಿಡುತ್ತಿದ್ದಾನೆ ಅನ್ನುತ್ತಾರೆ, ಸೀಲ್‌ಡೌನ್ ಎಂದು ಬಾಗಿಲಿಗೆ ಗಳ ಕಟ್ಟುತ್ತಾರೆ. ನಿಜ ಹೇಳಿದರೆ ಓಂಕಾರೇಶನ ಮಗಳಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ. "ಕಾಮಾಲೆ" ಎಂದುಬಿಟ್ಟೆ. ಕಾಮಾಲೆ ಮರ್ಯಾದಸ್ಥ ಕಾಯಿಲೆ. ಯಾರಿಗೆ ಬೇಕಾದರೂ ಬರುತ್ತದೆ, ಪಥ್ಯ ಮಾಡಿದರೆ ಹೋಗುತ್ತದೆ, ಹುಡುಗಿಯ ಮದುವೆಗೆ ಅಡ್ಡ ಬರುವುದಿಲ್ಲ. ಪಾಪಮ್ಮ ಮಗಳ ಮುಖವನ್ನು ಒಂದು ಗಳಿಗೆ ನೋಡಿ ಏನೋ ಬರೆದುಕೊಂಡು ಹೋದಳು.

ಸುಳ್ಳು ಹೇಳಿದ್ದು ನಾನೊಬ್ಬ. ಅದನ್ನು ಸಾಕಿದ್ದು ಇಡೀ ಬೀದಿ. ಒಬ್ಬರು ಕಬ್ಬಿನ ಹಾಲು ತಂದರು, ಇನ್ನೊಬ್ಬರು ಮೂಲಂಗಿ ತಂದರು. ಎದುರು ಮನೆಯ ಮಲ್ಲಿಕಾರ್ಜುನಯ್ಯ ತಮ್ಮ ತೋಟದಿಂದ ದಿನಾ ಎರಡು ಎಳನೀರು ತಾವೇ ಹೊತ್ತು ತಂದು ಕೊಚ್ಚಿ ಕೊಡುತ್ತಿದ್ದರು. ಅವರು ನನಗಿಂತ ಹತ್ತು ವರ್ಷ ಹಿರಿಯರು. ನಾನು ಅಣ್ಣ ಅನ್ನುತ್ತೇನೆ, ಸಂಗೀತಾಳಿಗೆ ದೊಡ್ಡಪ್ಪ. ನಾನು ಬೇಡ ಎಂದ ಬೀಜವನ್ನು ಅವರು ಒಂದು ವರ್ಷವೂ ಬಿತ್ತಿದವರಲ್ಲ.

ನನ್ನ ತಾಯಿ ಕರಿಬಸಮ್ಮನಿಗೂ ನಾನು ಕಾಮಾಲೆ ಎಂದೇ ಹೇಳಿದ್ದೆ. ಅವ್ವ ಸುಮ್ಮನಿರುವ ಪೈಕಿಯಲ್ಲ. "ಕಾಮಾಲೆಗೆ ಆಸ್ಪತ್ರೆ ಮದ್ದು ಆಗಲ್ಲ ಕಣೋ. ಚೌಳಹಿರಿಯೂರು ಕಡೆ ಕರಿಯಣ್ಣ ಸೊಪ್ಪಿನ ಔಷಧಿ ಕೊಡ್ತಾನೆ, ಕರ್ಕೊಂಡು ನಡಿ" ಎಂದು ಹಟ ಹಿಡಿದಳು. ಹೋದೆವು. ಕರಿಯಣ್ಣ ಮನೆಯ ಮುಂದಿನ ಬೇವಿನ ಕೆಳಗೆ ಸಂಗೀತಾಳನ್ನು ಕೂರಿಸಿ, ಕಣ್ಣಿನ ರೆಪ್ಪೆ ಎಳೆದು ನೋಡಿದ, ಉಗುರು ನೋಡಿದ, ನಾಲಿಗೆ ನೋಡಿದ. ಆಮೇಲೆ ನನ್ನನ್ನು ಸ್ವಲ್ಪ ದೂರಕ್ಕೆ ಕರೆದ.

"ಸ್ವಾಮಿ, ಈ ಮಗೀಗೆ ಕಾಮಾಲೆ ಇಲ್ಲ. ಬೇರೆ ಏನೋ ಐತೆ. ಡಾಕ್ಟ್ರಿಗೆ ತೋರ್ಸಿ."

ಅಕ್ಷರ ಕಲಿಯದ ಆ ಮನುಷ್ಯ ಎರಡು ನಿಮಿಷದಲ್ಲಿ ನಿಜ ಹೇಳಿದ. ನಾನು ಅವ್ವನ ಕಡೆ ನೋಡಿದೆ. ಅವಳು ಕಿವಿ ಇಲ್ಲೇ ಇಟ್ಟಿದ್ದಳು. "ಡಾಕ್ಟ್ರು ಕಾಮಾಲೆ ಅಂದಿದಾರೆ. ನೀನು ಔಷಧಿ ಕೊಡಪ್ಪ, ಉಪದೇಶ ಬೇಡ" ಎಂದು ಗದರಿದೆ. ಅವನು ಒಳಗೆ ಹೋಗಿ ಸೊಪ್ಪು ಅರೆದು ತಂದ. ಇಪ್ಪತ್ತೊಂದು ದಿನ ಪಥ್ಯ. ಉಪ್ಪು, ಹುಳಿ, ಖಾರ, ಎಣ್ಣೆ ಕೂಡದು. ಇಂಗ್ಲಿಷ್ ಮಾತ್ರೆ ಮುಟ್ಟುವಂತಿಲ್ಲ. ಎಲೆ ಅಡಿಕೆ ತೆಂಗಿನಕಾಯಿ ಬಿಟ್ಟು ಬೇರೇನೂ ಅವನು ತೆಗೆದುಕೊಳ್ಳುವುದಿಲ್ಲ. ಅವತ್ತು ಅದನ್ನೂ ಮುಟ್ಟಲಿಲ್ಲ.

ಮನೆಗೆ ಬಂದ ಕೂಡಲೇ ಅವ್ವ ಮಗಳ ತಲೆದಿಂಬಿನ ಕೆಳಗಿದ್ದ ಮಾತ್ರೆಗಳನ್ನು ಎತ್ತಿಕೊಂಡು ತನ್ನ ಟ್ರಂಕಿಗೆ ಹಾಕಿದಳು. ಸಂಗೀತಾ ನನ್ನ ಮುಖ ನೋಡಿದಳು. "ಅವ್ವಾ, ಅದು ಬೇರೆ ಕಾಯಿಲೆಯದು, ಕೊಡು" ಎಂಬ ಒಂದು ಮಾತು ನಾನು ಆಡಬೇಕಿತ್ತು. ಆಡಿದ್ದರೆ ಅವ್ವ ಬೇರೆ ಯಾವ ಕಾಯಿಲೆ ಎಂದು ಕೇಳುತ್ತಿದ್ದಳು. ಅವಳಿಗೆ ಹೇಳುವುದೂ ಒಂದೇ, ಸಂತೆಯಲ್ಲಿ ಸಾರುವುದೂ ಒಂದೇ. "ಅಜ್ಜಿ ಹೇಳ್ದಂಗೆ ಕೇಳಮ್ಮ" ಎಂದು ಹೊರಗೆ ಹೋದೆ.

ಅವಳು ಕೇಳಿದಳು. ಬೆಳಗ್ಗೆ ಬರಿಹೊಟ್ಟೆಗೆ ಹಸಿರು ರಸ ಕುಡಿದಳು. ಉಪ್ಪಿಲ್ಲದ ಅನ್ನಕ್ಕೆ ನೀರು ಮಜ್ಜಿಗೆ ಕಲಸಿಕೊಂಡು ನಾಲ್ಕು ತುತ್ತು ನುಂಗಿದಳು. ಇಲ್ಲದ ಕಾಯಿಲೆಗೆ ಎರಡು ವಾರ ಪಥ್ಯ ಮಾಡಿದಳು, ಇದ್ದ ಕಾಯಿಲೆ ಅದರಡಿಯಲ್ಲಿ ಬೆಳೆಯಿತು. ಮಾತು ಪೂರ್ತಿ ನಿಂತುಹೋಯಿತು. ಕೂತರೆ ಕೂತಲ್ಲೇ ಇರುತ್ತಿದ್ದಳು. ಒಂದು ಸಂಜೆ ನಾನು ಎಳನೀರಿನ ಲೋಟ ಹಿಡಿದು ಹೋದಾಗ ಬಹಳ ದಿನಗಳ ಮೇಲೆ ಬಾಯಿ ಬಿಟ್ಟಳು.

"ಅಪ್ಪಾಜಿ, ನಂಗೆ ಕಾಮಾಲೆ ಇಲ್ಲ ಅಂತ ನಿಮಗಾದ್ರೂ ನೆನಪಿದೆಯಾ?"

"ಜನ ಕೇಳ್ತಾರಲ್ಲಮ್ಮ" ಅಂದೆ. ಅವಳು ಲೋಟ ತೆಗೆದುಕೊಂಡು ಕುಡಿದು ಮತ್ತೆ ಗೋಡೆಗೆ ತಿರುಗಿದಳು.

ಇದನ್ನು ನನ್ನ ಹೆಂಡತಿ ಕೇಳಿಸಿಕೊಂಡಳು. ಇಪ್ಪತ್ತೈದು ವರ್ಷದಲ್ಲಿ ಅತ್ತೆಗೆ ಎದುರು ಮಾತಾಡದವಳು ಮಾರನೆಯ ಬೆಳಗ್ಗೆ ಅವ್ವ ಪೂಜೆಗೆ ಕೂತಾಗ ಟ್ರಂಕು ತೆಗೆದು ಮಾತ್ರೆ ತಂದಳು. ಡಾಕ್ಟರಿಗೆ ಫೋನು ಮಾಡಿ, ಅವರಿಂದ ಬೈಸಿಕೊಂಡು, ಮತ್ತೆ ಶುರು ಮಾಡಿಸಿದಳು. ನಾನು ಏನೋ ಹೇಳಲು ಹೋದೆ. "ಪಥ್ಯ ಬೇಕಾಗಿರೋದು ನಿಮಗೆ ಕಣ್ರೀ. ನಾಳೆಯಿಂದ ಉಪ್ಪು ಬಿಟ್ಟು ನೀವೇ ತಿನ್ನಿ" ಅಂದಳು. ಅವಳು ಮಾತ್ರೆಯನ್ನು ಸೆರಗಿನಲ್ಲಿಟ್ಟುಕೊಂಡು ಹೋಗಿ ಕೊಡುವುದು, ಅವ್ವ ಸಪ್ಪೆ ಅನ್ನ ಕೊಡುವುದು, ಎರಡೂ ನಡೆದವು.

ಮಗಳು ನಿಧಾನವಾಗಿ ಎದ್ದಳು. ಒಮ್ಮೆಲೇ ಆದದ್ದಲ್ಲ. ಒಂದು ದಿನ ತಲೆ ಬಾಚಿಕೊಂಡಳು, ವಾರ ಬಿಟ್ಟು ಟಾರಸಿ ಹತ್ತಿದಳು, ಡಿಸೆಂಬರಿನಲ್ಲಿ ಒಂದು ದಿನ "ಈರುಳ್ಳಿ ಚಟ್ನಿ ಮಾಡಮ್ಮ, ಖಾರ ಇರ್ಲಿ" ಅಂದಳು. ಅವಳ ತಾಯಿ ಅಡುಗೆಮನೆಯಲ್ಲಿ ಅತ್ತಳು, ಈರುಳ್ಳಿಯ ನೆಪ ಹೇಳಿದಳು. ಅವ್ವ ಕರಿಯಣ್ಣನ ಹೆಸರಿನಲ್ಲಿ ಕಾಯಿ ಒಡೆದಳು. ಅಂಗಡಿಯಲ್ಲಿ ಯಾರು ಕೇಳಿದರೂ ನಾನು "ಕರಿಯಣ್ಣನ ಕೈಗುಣ" ಅನ್ನುತ್ತಿದ್ದೆ. ಹೇಳಿ ಹೇಳಿ ನಾಲಿಗೆಗೆ ಅಭ್ಯಾಸವಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಮತ್ತೆ ಲಾಕ್‌ಡೌನ್ ಆಯಿತು. ಬೆಳಗ್ಗೆ ಆರರಿಂದ ಹತ್ತರವರೆಗೆ ಅಂಗಡಿ ತೆರೆಯಬಹುದಿತ್ತು. ಒಂದು ದಿನ ಏಳರ ಹೊತ್ತಿಗೆ ಮಲ್ಲಿಕಾರ್ಜುನಯ್ಯ ಬಂದರು. ಮಾಸ್ಕು ಗಲ್ಲಕ್ಕೆ ಇಳಿದಿತ್ತು. ಅವರ ಮಗ ಪ್ರಸನ್ನಕುಮಾರ ಇಂಜಿನಿಯರಿಂಗ್ ಕೊನೆಯ ವರ್ಷದವನು, ಮನೆಗೆ ಬಂದು ಎರಡು ತಿಂಗಳಾಗಿತ್ತು.

"ಓಂಕಾರೇಶ, ನಮ್ ಪ್ರಸನ್ನ ಯಾಕೋ ಸರಿಯಿಲ್ಲ ಕಣಪ್ಪ. ಊಟ ಸೇರಲ್ಲ, ಹಗಲೂ ರಾತ್ರಿ ಮಲಗೇ ಇರ್ತಾನೆ. ಕರೆದ್ರೆ ಗೋಡೆ ಕಡೆ ತಿರುಗ್ತಾನೆ. ಟೆಸ್ಟ್ ಮಾಡಿಸ್ದೆ, ಕೊರೋನಾ ಇಲ್ಲ. ನಿಮ್ ಸಂಗೀತಂಗೂ ಹಿಂಗೇ ಆಗಿತ್ತಲ್ಲ. ಕಾಮಾಲೆನೇ ಅಂತೀಯಾ?"

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಮೊದಲ ಮಾತು ಆಡಿದಾಗಲೇ ನನಗೆ ಎಲ್ಲ ಅರ್ಥವಾಗಿತ್ತು. ಶಿವಮೊಗ್ಗದ ಡಾಕ್ಟರ ನಂಬರು ಜೇಬಿನ ಫೋನಿನಲ್ಲೇ ಇತ್ತು. ಆದರೆ ಅದೇ ವಾರ ತರೀಕೆರೆಯಿಂದ ಸಂಗೀತಾಳಿಗೆ ಒಂದು ಸಂಬಂಧದ ಮಾತು ಬಂದಿತ್ತು. ಆ ಮನೆಯವರು ಮಲ್ಲಿಕಾರ್ಜುನಯ್ಯನವರಿಗೂ ಬೇಕಾದವರು.

"ಕಾಮಾಲೆ ಇರಬೋದಣ್ಣ. ಕರಿಯಣ್ಣನ ಹತ್ರ ಕರ್ಕೊಂಡು ಹೋಗಿ" ಅಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಕರಿಯಣ್ಣ ಈ ಹುಡುಗನನ್ನು ನೋಡಿದರೂ ನಿಜ ಹೇಳುತ್ತಾನೆ, ಆಗ ನನ್ನ ಸುಳ್ಳು ಬಯಲಾಗುತ್ತದೆ ಎಂದು ಹೊಳೆಯಿತು. "ಅವನು ಮೊದ್ಲು ಕಾಮಾಲೆ ಇಲ್ಲ ಅಂತಾನೆ. ಎಲ್ರಿಗೂ ಹಂಗೇ ಅನ್ನೋದು. ನೀವು ಬಿಡಬೇಡಿ, ಜೋರು ಮಾಡಿ ಇಸ್ಕೊಳಿ. ಪಥ್ಯ ಕಟ್ಟುನಿಟ್ಟು" ಅಂದೆ.

"ನೀನು ಹೇಳಿದ್ಮೇಲೆ ಮುಗೀತು ಬಿಡಪ್ಪ" ಎಂದು ಅವರು ಹೋದರು. ಹೋಗುವಾಗ ಅವರ ಮುಖ ಹಗುರವಾಗಿತ್ತು.

ಮೊದಲೇ ಹೇಳಿಬಿಡುತ್ತೇನೆ, ಆ ಹುಡುಗ ಉಳಿದ. ಉಳಿಸಿದ್ದು ನಾನಲ್ಲ.

ಹದಿನಾರು ದಿನ ಕಳೆದವು. ದಿನಾ ಎದುರು ಮನೆ ಕಾಣುತ್ತಿತ್ತು. ಬೆಳಗ್ಗೆ ಆ ತಾಯಿ ಹಸಿರು ರಸದ ಲೋಟ ಒಳಗೆ ಒಯ್ಯುವುದು ನನ್ನ ಜಗಲಿಗೇ ಕಾಣುತ್ತಿತ್ತು. ನಾನು ಪೇಪರು ಅಡ್ಡ ಹಿಡಿದು ಕೂರುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೊರೋನಾ ಭಯದಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದು ನಿಂತಿತ್ತಾದ್ದರಿಂದ ಹೇಳದಿದ್ದದ್ದು ನಡೆಯಿತು.

ಹದಿನೇಳನೆಯ ದಿನ ಶುಕ್ರವಾರ. ಸಂಗೀತಾ ಅವರ ಮನೆ ಬಾಗಿಲಲ್ಲೇ ಹೋಳಿಗೆ ಕೊಟ್ಟು ಬರಲು ಹೋದಳು. "ಪ್ರಸನ್ನಂಗೆ ಬೇಡ ಕಣಮ್ಮ, ಪಥ್ಯ. ನಿನಗಾಗಿತ್ತಲ್ಲ, ಅದೇ. ನಿಮ್ಮಪ್ಪಾಜಿನೇ ಹೇಳಿದ್ದು" ಅಂದರಂತೆ ಆ ತಾಯಿ. ಇವಳು ಹೋಳಿಗೆ ತಟ್ಟೆ ಅಲ್ಲೇ ಇಟ್ಟು ನೇರ ಹುಡುಗನ ಕೋಣೆಗೆ ಹೋಗಿ ನೆಲದ ಮೇಲೆ ಕೂತಳಂತೆ. "ಪ್ರಸನ್ನ, ನಂಗೆ ಕಾಮಾಲೆ ಆಗಿರ್ಲಿಲ್ಲ ಕಣೋ. ನಿಂಗೂ ಆಗಿಲ್ಲ" ಅಂದಳಂತೆ. ವಾರಗಳಿಂದ ಬಾಯಿ ಬಿಡದವನು ಅರ್ಧ ಗಂಟೆ ಮಾತಾಡಿದ. ಅವನು ಸಾಯಲು ಒಂದು ದಿನ ಗೊತ್ತು ಮಾಡಿಕೊಂಡಿದ್ದ. ಬರುವ ಸೋಮವಾರ.

"ಅಪ್ಪಾಜಿ, ಇಲ್ಲಿ ಬನ್ನಿ!" ಎಂದು ಎದುರು ಅಂಗಳದಿಂದ ಅವಳು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಹೋದೆ. ಮಲ್ಲಿಕಾರ್ಜುನಯ್ಯ ಜಗಲಿಯ ಕಂಬ ಹಿಡಿದು ನಿಂತಿದ್ದರು. ಅವರ ಹೆಂಡತಿ ನೆಲದ ಮೇಲೆ ಕೂತಿದ್ದರು.

"ಸಂಗೀತಂಗೆ ಏನಾಗಿತ್ತು ಅಂತ ನಿನಗೆ ಗೊತ್ತಿತ್ತಾ ಓಂಕಾರೇಶ?"

"ಗೊತ್ತಿತ್ತಣ್ಣ."

"ನಮ್ ಪ್ರಸನ್ನಂಗೂ ಅದೇ ಅಂತ?"

ತಲೆಯಾಡಿಸಿದೆ.

"ಕರಿಯಣ್ಣ ಕೈ ಮುಗಿದು ಹೇಳ್ದ ಕಣೋ, ಕಾಮಾಲೆ ಅಲ್ಲ ಸ್ವಾಮಿ ಅಂತ. ನೀನು ಹೇಳಿದ್ದೆ ಅಂತ ಅವನಿಗೆ ಬೈದೆ." ಅವರ ದನಿ ಏರಲೇ ಇಲ್ಲ. ಬೈದಿದ್ದರೆ, ಹೊಡೆದಿದ್ದರೆ ನನಗೆ ಸುಲಭವಾಗುತ್ತಿತ್ತು. "ನಿನ್ನ ಮಗಳ ಮದುವೆಗೋಸ್ಕರ ನನ್ನ ಮಗನ್ನ ಕಳೀತಿದ್ಯಲ್ಲೋ" ಅಂದರು.

"ನನ್ನ ಮದುವೆಗಲ್ಲ ದೊಡ್ಡಪ್ಪ" ಅಂದಳು ಸಂಗೀತಾ. "ನನಗೆ ಗುಣ ಆಗೋದು ಬೇಕಿತ್ತು, ಮದುವೆ ಅಲ್ಲ. ಇವರು ಮುಚ್ಚಿಟ್ಟಿದ್ದು ಇವರ ಮುಖಕ್ಕೋಸ್ಕರ."

ಒಂದು ವರ್ಷದಿಂದ ಮಗಳಿಗಾಗಿ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದೂ ಸುಳ್ಳು.

ಮಾರನೆಯ ಬೆಳಗ್ಗೆ ಪ್ರಸನ್ನನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುವುದೆಂದಾಯಿತು. ಸಂಗೀತಾ ರಾತ್ರಿಯೇ ಡಾಕ್ಟರ ಜೊತೆ ಮಾತಾಡಿದ್ದಳು, ಅಲ್ಲಿಯವರೆಗೆ ಹುಡುಗನನ್ನು ಒಂಟಿ ಬಿಡಬೇಡಿ ಎಂದು ಅವರು ಹೇಳಿದ್ದರಿಂದ ಅವನ ತಂದೆ ತಾಯಿ ಸರದಿಯಂತೆ ಎಚ್ಚರವಿದ್ದರು. ನಮ್ಮದೇ ವ್ಯಾನು. ನಾನು ಕೀಲಿ ಹಿಡಿದು ಹೊರಟೆ. ಮಲ್ಲಿಕಾರ್ಜುನಯ್ಯ ಕೈ ಚಾಚಿ ಕೀಲಿ ಇಸಿದುಕೊಂಡರು. "ನೀನು ಬೇಡ" ಅಂದರು. ಸಂಗೀತಾ ಹುಡುಗನ ಪಕ್ಕದಲ್ಲಿ ಕೂತಳು. ವ್ಯಾನು ತಿರುವು ದಾಟುವವರೆಗೆ ನಾನು ಗೇಟಿನಲ್ಲಿ ನಿಂತಿದ್ದೆ.

ಪಾಪಮ್ಮ ಆಮ್ಲಜನಕ ನೋಡುವ ಯಂತ್ರ ಹಿಡಿದುಕೊಂಡು ಮನೆ ಮನೆ ಸುತ್ತುತ್ತಾ ಅಷ್ಟರಲ್ಲಿ ನಮ್ಮ ಗೇಟಿಗೆ ಬಂದಳು. ಅಕ್ಕಪಕ್ಕದ ಮನೆಯವರೂ ಬಾಗಿಲಿಗೆ ಬಂದಿದ್ದರು. "ಯಾರಿಗೆ ಹುಷಾರಿಲ್ಲ ಅಣ್ಣ?" ಅಂದಳು.

ಪ್ರಸನ್ನನ ವಿಷಯ ಹೇಳುವ ಹಕ್ಕು ನನಗಿರಲಿಲ್ಲ. ನನ್ನದಷ್ಟೇ ಹೇಳಬಹುದಿತ್ತು. ಎಲ್ಲರಿಗೂ ಕೇಳುವಂತೆ ಹೇಳಿದೆ. "ಪಾಪಮ್ಮ, ಹೋದ ವರ್ಷ ನನ್ನ ಮಗಳಿಗೆ ಕಾಮಾಲೆ ಆಗಿರ್ಲಿಲ್ಲ. ಖಿನ್ನತೆ ಆಗಿತ್ತು. ನಾನು ನಿನಗೂ ಎಲ್ರಿಗೂ ಸುಳ್ಳು ಹೇಳಿದ್ದೆ."

ಬೀದಿಯವರು ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ಬೀಳಲಿಲ್ಲ. ಪಕ್ಕದ ಮನೆಯಾಕೆ ಕಸಬರಿಗೆ ಹಿಡಿದು ಮತ್ತೆ ಅಂಗಳ ಗುಡಿಸತೊಡಗಿದರು.

"ಗೊತ್ತಿತ್ತು ಬಿಡಿ ಅಣ್ಣ" ಅಂದಳು ಪಾಪಮ್ಮ. "ಅವತ್ತೇ ಕಣ್ಣು ನೋಡಿದ್ನಲ್ಲ, ಬೆಳ್ಳಗಿತ್ತು. ಬೀದೀಲಿ ಎಲ್ರಿಗೂ ಗೊತ್ತಿತ್ತು. ನೀವು ಕಾಮಾಲೆ ಅಂದ್ರಿ, ನಿಮ್ಮ ಮನಸ್ಸಿಗೆ ಯಾಕೆ ನೋವು ಅಂತ ನಾವೂ ಕಾಮಾಲೆ ಅಂದ್ವಿ."

"ಎಲ್ರಿಗೂ ಗೊತ್ತಿದ್ರೆ ಮಲ್ಲಿಕಾರ್ಜುನಣ್ಣಂಗೆ ಯಾಕೆ ಗೊತ್ತಿರ್ಲಿಲ್ಲ?"

"ನಾವು ಒಂದಿಬ್ರು ಹೇಳಿದ್ವಿ ಅವರಿಗೂ" ಅಂದಳು. "ಓಂಕಾರೇಶ ಹಂಗೆಲ್ಲ ಸುಳ್ಳು ಹೇಳೋನಲ್ಲ ಅಂತ ನಮ್ಮನ್ನೇ ಬೈದು ಕಳಿಸಿದ್ರು."